ಹಳೇ ಡೀಸೆಲ್ ಗಾಡಿಗೆ ಏರ್ ಹಿಡಿದರೆ: ತೆಗೆಯುವುದು ಹೇಗೆ, ಬರುವ ಜಾಗ ಹುಡುಕುವುದು ಹೇಗೆ

ಬೆಳಿಗ್ಗೆ ಸೆಲ್ಫ್ ಹೊಡೆದ ಕೂಡಲೇ ಗಾಡಿ ಸ್ಟಾರ್ಟ್ ಆಗುತ್ತದೆ. ಕೆಲವು ಸೆಕೆಂಡ್ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಸದ್ದು ಕುಗ್ಗಿ, ಒಮ್ಮೆ ಅಲುಗಾಡಿ ನಿಂತುಬಿಡುತ್ತದೆ. ಮತ್ತೆ ಸೆಲ್ಫ್ ಹೊಡೆದರೆ ಬ್ಯಾಟರಿ ಇಳಿಯುತ್ತದೆಯೇ ಹೊರತು ಇಂಜಿನ್ ಹಿಡಿಯುವುದಿಲ್ಲ. ಎಂಎಂ 540, ಮೇಜರ್, ಕಮಾಂಡರ್ ತರಹದ ಜೀಪು, ಹಳೇ ಸುಮೋ, 407 ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ಪಾಡು. ಡೀಸೆಲ್ ಲೈನಿಗೆ ಏರ್ ಹಿಡಿದಿರುತ್ತದೆ. ಬಾನೆಟ್ ಎತ್ತಿ ಹ್ಯಾಂಡ್ ಪಂಪ್ ಹೊಡೆದು ಏರ್ ತೆಗೆದರೆ ಗಾಡಿ ಹೊರಡುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಅದೇ.

ಏರ್ ತೆಗೆದ ಮಾತ್ರಕ್ಕೆ ರಿಪೇರಿ ಆಯಿತು ಅಂದುಕೊಳ್ಳಬೇಡಿ. ಅದು ಬಂದ ದಾರಿ ಇನ್ನೂ ತೆರೆದೇ ಇರುತ್ತದೆ. ಆ ದಾರಿಯನ್ನು ಹುಡುಕದೆ ಎಷ್ಟೋ ಜನ ಮೊದಲು ಬ್ಯಾಟರಿ ಬದಲಿಸುತ್ತಾರೆ, ಆಮೇಲೆ ನಾಝಲ್ ಸರ್ವಿಸ್ ಮಾಡಿಸುತ್ತಾರೆ, ಕೊನೆಗೆ ಡೀಸೆಲ್ ಪಂಪನ್ನೇ ಬಿಚ್ಚಿಸಿ ಸಾವಿರಾರು ರೂಪಾಯಿ ಸುರಿಯುತ್ತಾರೆ. ಅಷ್ಟೆಲ್ಲ ಆದ ಮೇಲೆ ಕೊನೆಗೆ ಸಿಗುವುದು ಟ್ಯಾಂಕಿನ ಹತ್ತಿರ ಬಿರುಕು ಬಿಟ್ಟ ಒಂದು ಗೇಣು ರಬ್ಬರ್ ಪೈಪು. ಇದು ಬೇಸರದ ವಿಷಯ, ಯಾಕೆಂದರೆ ಅದನ್ನು ಹುಡುಕಲು ಬೇಕಾದ ಸಾಮಾನು ಹೆಚ್ಚು ಕಡಿಮೆ ಎಲ್ಲರ ಮನೆಯಲ್ಲೂ ಇರುತ್ತದೆ.

ಶುರು ಮಾಡುವ ಮೊದಲೇ ಒಂದು ಮಾತು. ಇಲ್ಲಿ ಹೇಳುವುದೆಲ್ಲ ಮೆಕ್ಯಾನಿಕಲ್ ಪಂಪ್ ಇರುವ ಹಳೇ ಗಾಡಿಗಳಿಗೆ ಮಾತ್ರ. ಕಾಮನ್ ರೈಲ್ ಇರುವ, ಅಂದರೆ ಸಿಆರ್‌ಡಿಐ ತರಹದ ಗಾಡಿಯಲ್ಲಿ ಹೈ ಪ್ರೆಶರ್ ಪೈಪಿನ ನಟ್ ಸಡಿಲಿಸಲೇಬೇಡಿ. ಅಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡ ಇರುತ್ತದೆ. ಆ ಡೀಸೆಲ್ ಚರ್ಮ ಸೀಳಿಕೊಂಡು ಒಳಗೆ ಹೋದರೆ ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು.

ಗಾಳಿ ಹೊಕ್ಕರೆ ಇಂಜಿನ್ ಯಾಕೆ ನಿಲ್ಲುತ್ತದೆ

ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರ್ ಒಳಗಿನ ಗಾಳಿ ಒತ್ತಿ ಒತ್ತಿ ಕಾದಿರುತ್ತದೆ, ಅದರೊಳಗೆ ನಾಝಲ್ ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸುತ್ತದೆ, ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹಳೇ ಇಂಜಿನ್‌ಗಳಲ್ಲಿ ಈ ನಾಝಲ್ ಬಾಯಿ ಬಿಡಬೇಕಾದರೆ ಸುಮಾರು 100ರಿಂದ 250 ಬಾರ್ ಒತ್ತಡ ಬೇಕು. ಡೀಸೆಲ್ ದ್ರವ, ಒತ್ತಿದರೂ ಕುಗ್ಗುವುದಿಲ್ಲ ಅನ್ನಬಹುದು, ಹಾಗಾಗಿ ಪಂಪಿನ ಒತ್ತಡ ಹಾಗೇ ನಾಝಲ್‌ವರೆಗೆ ತಲುಪುತ್ತದೆ. ನಡುವೆ ಒಂದು ಗಾಳಿಗುಳ್ಳೆ ಇದ್ದರೆ ಪಂಪ್ ಒತ್ತಿದಾಗ ಆ ಗುಳ್ಳೆ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ಪಂಪ್ ದುಡಿಯುತ್ತಲೇ ಇರುತ್ತದೆ, ನಾಝಲ್ ಮಾತ್ರ ಬಾಯಿ ಬಿಡುವುದಿಲ್ಲ.

ಡೀಸೆಲ್ ಹೋಗುವ ದಾರಿ ತಲೆಯಲ್ಲಿ ಇರಬೇಕು, ಆಗಲೇ ಹುಡುಕಾಟ ಸುಲಭ. ಟ್ಯಾಂಕ್ ಒಳಗಿನ ಹೀರುವ ಪೈಪು, ಅಲ್ಲಿಂದ ಚಾಸಿ ಉದ್ದಕ್ಕೂ ಬರುವ ಕಬ್ಬಿಣದ ಪೈಪು, ಅದರ ಎರಡೂ ತುದಿಗೆ ರಬ್ಬರ್ ಪೈಪು, ಕೆಲವು ಗಾಡಿಗಳಲ್ಲಿ ನೀರು ಬೇರ್ಪಡಿಸುವ ಬಟ್ಟಲು, ಆಮೇಲೆ ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದಕ್ಕೆ ಕಳಿಸುವ ಫೀಡ್ ಪಂಪ್. ಫೀಡ್ ಪಂಪಿನಿಂದ ಫಿಲ್ಟರ್, ಫಿಲ್ಟರ್‌ನಿಂದ ದೊಡ್ಡ ಪಂಪ್ (ಡೀಸೆಲ್ ಪಂಪ್ ಅನ್ನುವುದು ಇದನ್ನೇ), ಅಲ್ಲಿಂದ ಒಂದೊಂದು ಸಿಲಿಂಡರಿಗೆ ಒಂದೊಂದು ಗಟ್ಟಿ ಪೈಪು, ಕೊನೆಗೆ ನಾಝಲ್. ಉಳಿದ ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್. ನಮ್ಮ ಕಡೆ ಆ ದೊಡ್ಡ ಪಂಪಿಗೆ ಈಗಲೂ ಮೈಕೋ ಪಂಪ್ ಅಂತಲೇ ಹೇಳುತ್ತಾರೆ. ಬೆಂಗಳೂರಿನ ಆಡುಗೋಡಿಯಲ್ಲಿ ದೊಡ್ಡ ಕಾರ್ಖಾನೆ ಇದ್ದ ಮೈಕೋ ಕಂಪನಿ ಶುರುವಾಗಿದ್ದು 1951ರಲ್ಲಿ. 2008ರಲ್ಲಿ ಅದರ ಹೆಸರು ಬಾಷ್ ಅಂತ ಬದಲಾಯಿತು, ಗ್ಯಾರೇಜುಗಳಲ್ಲಿ ಮಾತ್ರ ಹಳೇ ಹೆಸರೇ ಉಳಿದಿದೆ.

ಈ ದಾರಿಯಲ್ಲಿ ಫೀಡ್ ಪಂಪೇ ಗಡಿ. ಅದರ ಹಿಂದೆ, ಟ್ಯಾಂಕ್ ಕಡೆಗೆ, ಎಲ್ಲವೂ ಹೀರುವ ಭಾಗ. ಅಲ್ಲಿ ಸಣ್ಣ ತೂತು ಇದ್ದರೆ ತೂತಾದ ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ: ಗಾಳಿ ಒಳಗೆ ಬರುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಇದೇ ಎಲ್ಲರನ್ನೂ ಸುಸ್ತು ಮಾಡುವ ಜಾಗ. "ಎಲ್ಲೂ ಲೀಕ್ ಇಲ್ಲ ಸಾರ್" ಅನ್ನುವ ಮೆಕ್ಯಾನಿಕ್ ಸುಳ್ಳು ಹೇಳುತ್ತಿರುವುದಿಲ್ಲ, ಲೀಕ್ ಒಳಮುಖವಾಗಿರುವುದರಿಂದ ಅವರ ಕಣ್ಣಿಗೂ ಕಾಣುತ್ತಿಲ್ಲ ಅಷ್ಟೆ. ಫೀಡ್ ಪಂಪಿನ ಮುಂದೆ ಇರುವುದು ಒತ್ತುವ ಭಾಗ. ಅಲ್ಲಿ ಲೀಕ್ ಇದ್ದರೆ ಇಂಜಿನ್ ಓಡುವಾಗ ಡೀಸೆಲ್ ಒಸರುತ್ತದೆ, ಜಾಗ ಒದ್ದೆಯಾಗಿ ಧೂಳು ಮೆತ್ತಿಕೊಂಡಿರುತ್ತದೆ. ಇಂಜಿನ್ ನಿಂತ ಮೇಲೆ ರಾತ್ರಿಯಿಡೀ ಡೀಸೆಲ್ ನಿಧಾನವಾಗಿ ಹಿಂದಕ್ಕೆ ಇಳಿಯುತ್ತದೆ, ಅದೇ ಒದ್ದೆ ಜಾಗದಿಂದ ಗಾಳಿ ಒಳಗೆ ಬರುತ್ತದೆ.

ಏರ್ ಹೌದೋ ಅಲ್ಲವೋ, ಮೊದಲು ಅದನ್ನು ನೋಡಿ

ಸ್ಟಾರ್ಟ್ ಆಗದ ಡೀಸೆಲ್ ಗಾಡಿಗೆಲ್ಲ ಏರ್ ಹಿಡಿದಿರುವುದಿಲ್ಲ. ಒಬ್ಬರನ್ನು ಸೆಲ್ಫ್ ಹೊಡೆಯಲು ಕೂರಿಸಿ, ನೀವು ಸೈಲೆನ್ಸರ್ ಹಿಂದೆ ನಿಂತು ನೋಡಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರ್‌ವರೆಗೆ ತಲುಪುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ಆಗ ಪೈಪು ಬಿಚ್ಚಿ ಏನೂ ಪ್ರಯೋಜನ ಇಲ್ಲ. ಬ್ಯಾಟರಿ ಸೋತು ಇಂಜಿನ್ ನಿಧಾನ ತಿರುಗುತ್ತಿದೆಯಾ, ಸಿಲಿಂಡರಿಗೆ ಮೊದಲೇ ಬಿಸಿ ಕೊಡುವ ಗ್ಲೋ ಪ್ಲಗ್ ಇರುವ ಇಂಜಿನ್ ಆದರೆ ಅವು ಕಾಯುತ್ತಿವೆಯಾ, ಕಂಪ್ರೆಶನ್ ಇದೆಯಾ ನೋಡಬೇಕು. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಬರುತ್ತಿಲ್ಲ. ಆಗ ಈ ಲೇಖನ ನಿಮಗೆ.

ಅದರಲ್ಲೂ ಮೊದಲು ಸ್ಟಾಪ್ ಕೇಬಲ್ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಎಳೆದು ಇಂಜಿನ್ ನಿಲ್ಲಿಸುವ ಗುಬಟು ಇರುತ್ತದಲ್ಲ, ಅದನ್ನು ನೀವು ಪೂರ್ತಿ ಒಳಗೆ ತಳ್ಳಿದ್ದರೂ ತುಕ್ಕು ಹಿಡಿದ ಕೇಬಲ್ ನಡುವೆ ಸಿಕ್ಕಿಕೊಂಡು, ಪಂಪಿನ ಮೇಲಿರುವ ಲಿವರ್ ಇನ್ನೂ ಸ್ಟಾಪ್ ಕಡೆಗೇ ಇರಬಹುದು. ಬಾನೆಟ್ ಎತ್ತಿ ಆ ಲಿವರ್ ಕೈಯಿಂದ ಆಡಿಸಿ ನೋಡಿ. ಕೀಯಿಂದ ಆಫ್ ಆಗುವ ಗಾಡಿಯಾದರೆ ಪಂಪಿನ ಮೇಲೆ ಒಂದು ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ಡೀಸೆಲ್ ದಾರಿ ತೆರೆಯುವ ವಾಲ್ವ್, ಇರುತ್ತದೆ, ಕೀ ಆನ್ ಮಾಡಿದಾಗ ಅದು ಟಕ್ ಅನ್ನಬೇಕು. ಅನ್ನದಿದ್ದರೆ ವೈರ್ ನೋಡಿ.

ಟ್ಯಾಂಕಿನಲ್ಲಿ ಡೀಸೆಲ್ ನಿಜವಾಗಿ ಇದೆಯಾ? ಹಳೇ ಗಾಡಿಯ ಮೀಟರ್ ನಂಬಬೇಡಿ, ಒಂದು ಸ್ವಚ್ಛವಾದ ಕೋಲು ಇಳಿಸಿ ನೋಡಿ. ಹಾಗೇ ಟ್ಯಾಂಕ್ ಮುಚ್ಚಳ ತೆಗೆಯುವಾಗ ಕಿವಿಗೊಡಿ. ಸುಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಡೀಸೆಲ್ ಖಾಲಿಯಾದಷ್ಟು ಗಾಳಿ ಟ್ಯಾಂಕಿಗೆ ಬರಬೇಕು, ಬರದಿದ್ದರೆ ಒಳಗೆ ನಿರ್ವಾತ ಆಗಿ ಫೀಡ್ ಪಂಪ್ ಎಳೆಯಲಾರದೆ ಸೋಲುತ್ತದೆ. ಕೆಸರು ರಸ್ತೆಯ ಗಾಡಿಗಳಲ್ಲಿ ಇದು ಅಪರೂಪವೇನಲ್ಲ.

ಏರ್ ಹಿಡಿದಿದ್ದಕ್ಕೆ ಬೇರೆ ಗುರುತುಗಳೂ ಇವೆ. ಐಡ್ಲಿಂಗ್‌ನಲ್ಲಿ ಇಂಜಿನ್ ಏರಿಳಿಯುವುದು, ಏರು ಹತ್ತುವಾಗ ಪಿಕಪ್ ಕಳೆದುಕೊಂಡು ಸಮತಟ್ಟಿನಲ್ಲಿ ಸರಿಯಾಗುವುದು, ಮಿಸ್ಸಿಂಗ್ ಬಂದು ತಾನೇ ಹೋಗುವುದು. ಇನ್ನೊಂದು ಬಹಳ ಮುಖ್ಯ: ಗಾಡಿ ಯಾವ ಕಡೆ ಮುಖ ಮಾಡಿ ನಿಂತಿತ್ತು ಅನ್ನುವುದು. ಸಕಲೇಶಪುರ, ಮೂಡಿಗೆರೆ ಕಡೆ ಮನೆ ಮುಂದಿನ ಜಾಗವೇ ಇಳಿಜಾರು. ಮೂತಿ ಮೇಲೆ ಮಾಡಿ ನಿಲ್ಲಿಸಿದ ಜೀಪಿನಲ್ಲಿ ಟ್ಯಾಂಕ್ ಕೆಳಗೆ, ಪಂಪ್ ಮೇಲೆ. ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯಲು ಅದಕ್ಕಿಂತ ಒಳ್ಳೆ ಅವಕಾಶ ಬೇಕಾ? ಒಂದು ರಾತ್ರಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ ನೋಡಿ. ಬೆಳಿಗ್ಗೆ ಒಂದೇ ಸೆಲ್ಫಿಗೆ ಹಿಡಿದು, ನಿಲ್ಲದೆ ಓಡಿದರೆ ಕಾಯಿಲೆ ಏನು ಅಂತ ಅರ್ಧ ಗೊತ್ತಾದ ಹಾಗೆ.

ಏರ್ ತೆಗೆಯುವ ಕ್ರಮ

ಗಾಡಿ ಆದಷ್ಟು ಸಮತಟ್ಟಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಬೀಡಿ ಸಿಗರೇಟ್ ದೂರ. ಬಿಚ್ಚುವ ಸ್ಕ್ರೂ ಸುತ್ತ ಇರುವ ಕೆಸರು, ಗ್ರೀಸ್ ಎಲ್ಲ ಬ್ರಶ್‌ಗೆ ಸ್ವಲ್ಪ ಡೀಸೆಲ್ ಹಚ್ಚಿ ಉಜ್ಜಿ ತೆಗೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ದಯವಿಟ್ಟು ನೀವು ಮಾಡಿ. ಫಿಲ್ಟರ್ ದಾಟಿದ ಮೇಲೆ ಒಳಗೆ ಹೋಗುವ ಒಂದು ಮರಳಿನ ಕಣ ನೇರವಾಗಿ ಪಂಪಿಗೆ ಹೋಗುತ್ತದೆ. ಸೆಲ್ಫ್ ಮೋಟರ್, ಡೈನಮೋ ಮೇಲೆ ಡೀಸೆಲ್ ಸುರಿಯದಂತೆ ಕೆಳಗೆ ಬಟ್ಟೆ ಹಾಸಿ.

ಒಂದೊಂದು ಸಿಲಿಂಡರಿಗೆ ಡೀಸೆಲ್ ಒತ್ತುವ ಎಲಿಮೆಂಟ್‌ಗಳು ಸಾಲಾಗಿ ಇರುವ ಇನ್‌ಲೈನ್ ಪಂಪಾದರೆ ಅದರ ಪಕ್ಕಕ್ಕೇ ಫೀಡ್ ಪಂಪ್ ಕೂತಿರುತ್ತದೆ, ಅದರ ಮೇಲೊಂದು ಗುಬಟು. ಅದೇ ಹ್ಯಾಂಡ್ ಪಂಪ್. ಎಡಕ್ಕೆ ತಿರುಗಿಸಿದರೆ ಸಡಿಲವಾಗಿ ಮೇಲೆ ಬರುತ್ತದೆ. ಈಗ ಫಿಲ್ಟರ್ ಮೇಲಿರುವ ಬ್ಲೀಡ್ ಸ್ಕ್ರೂ, ಗ್ಯಾರೇಜಿನಲ್ಲಿ ಏರ್ ಸ್ಕ್ರೂ ಅನ್ನುತ್ತಾರೆ, ಅದನ್ನು ಒಂದೆರಡು ಸುತ್ತು ಸಡಿಲಿಸಿ. ಪೂರ್ತಿ ತೆಗೆಯಬೇಡಿ, ಕೆಳಗೆ ಬಿದ್ದರೆ ಹುಡುಕುವುದೇ ಒಂದು ಕೆಲಸ ಆಗುತ್ತದೆ. ಹ್ಯಾಂಡ್ ಪಂಪ್ ಹೊಡೆಯಿರಿ. ಮೊದಲು ಬುಸ್ ಬುಸ್ ಅಂತ ಗಾಳಿ, ಆಮೇಲೆ ನೊರೆ, ಆಮೇಲೆ ಗುಳ್ಳೆ ಬೆರೆತ ಡೀಸೆಲ್. ಗುಳ್ಳೆಯೇ ಇಲ್ಲದ ಡೀಸೆಲ್ ಒಂದೇ ಸಮ ಬರುವವರೆಗೆ ಹೊಡೆಯುತ್ತಿರಿ, ಹೊಡೆಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಕೈ ನಿಲ್ಲಿಸಿ ಆಮೇಲೆ ಬಿಗಿ ಮಾಡಿದರೆ ಒಂದು ಗುಟುಕು ಗಾಳಿ ವಾಪಸ್ ಹೋಗುತ್ತದೆ. ಜೋಡಿ ಫಿಲ್ಟರ್ ಇದ್ದರೆ ಟ್ಯಾಂಕ್ ಕಡೆಯದ್ದು ಮೊದಲು, ಪಂಪ್ ಕಡೆಯದ್ದು ಆಮೇಲೆ. ಅದಾದ ಮೇಲೆ ದೊಡ್ಡ ಪಂಪಿನ ಮೈಮೇಲಿರುವ ಬ್ಲೀಡ್ ಸ್ಕ್ರೂ, ಅದೇ ಕ್ರಮ.

ಎಲ್ಲ ಸ್ಕ್ರೂ ಬಿಗಿಯಾದ ಮೇಲೂ ಹ್ಯಾಂಡ್ ಪಂಪ್ ಹೊಡೆಯುತ್ತಾ ಇರಿ. ಕೈಗೆ ಗಟ್ಟಿಯಾಗಿ ಸಿಗಬೇಕು. ಹಾಗೆ ಸಿಕ್ಕಿದರೆ ಒಳಗೆ ಡೀಸೆಲ್ ತುಂಬಿದೆ. ಗುಬಟನ್ನು ಕೆಳಗೆ ಒತ್ತಿ ತಿರುಗಿಸಿ ಬಿಗಿ ಮಾಡುವುದನ್ನು ಮರೆಯಬೇಡಿ, ಬಿಟ್ಟರೆ ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಈಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು. ಆಮೇಲೆ ಒಂದು ನಿಮಿಷ ಬಿಡಿ. ಬಿಡದೆ ಹೊಡೆದರೆ ಸೆಲ್ಫ್ ಮೋಟರ್ ಸುಟ್ಟು ಈ ಖರ್ಚಿನ ಜೊತೆ ಇನ್ನೊಂದು ಖರ್ಚು ಸೇರುತ್ತದೆ. ಹಿಡಿದ ಕೂಡಲೇ ಆಕ್ಸಿಲರೇಟರ್ ಬಿಟ್ಟು ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಸ್ಪೀಡಿನಲ್ಲಿ ಕೆಲವು ನಿಮಿಷ ಓಡಿಸಿ, ಉಳಿದ ಗುಳ್ಳೆ ರಿಟರ್ನ್ ದಾರಿಯಲ್ಲಿ ಹೊರಟುಹೋಗುತ್ತದೆ.

ಇನ್ನೂ ಹಿಡಿಯಲಿಲ್ಲ ಅಂದರೆ ಗಾಳಿ ನಾಝಲ್ ಪೈಪುಗಳಲ್ಲಿ ಇದೆ. ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತ ಗಾಡಿಯಲ್ಲಿ ಹೀಗಾಗುತ್ತದೆ. ನಾಝಲ್ ತುದಿಯಲ್ಲಿರುವ ಪೈಪಿನ ನಟ್‌ಗಳನ್ನು, ಬಹಳ ಗಾಡಿಗಳಲ್ಲಿ ಇದಕ್ಕೆ 17ರ ಸ್ಪಾನರ್ ಬರುತ್ತದೆ, ಅರ್ಧ ಒಂದು ಸುತ್ತು ಸಡಿಲಿಸಿ. ಮೇಲೆ ಬಟ್ಟೆ ಮುಚ್ಚಿ, ಮುಖ ಕೈ ದೂರ ಇಟ್ಟುಕೊಂಡು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ನಟ್ ಬುಡದಲ್ಲಿ ಮೊದಲು ನೊರೆ, ಆಮೇಲೆ ಪಿಚಿಕ್ ಪಿಚಿಕ್ ಅಂತ ಡೀಸೆಲ್ ಬರುತ್ತದೆ. ಬಂದ ನಟ್ ಬಿಗಿ ಮಾಡುತ್ತಾ ಹೋಗಿ. ಹಳೇ ಇಂಜಿನ್ ಆದರೂ ಇಲ್ಲಿನ ಒತ್ತಡ ಚರ್ಮ ತೂರುವಷ್ಟು ಇದೆ, ಹಾಗಾಗಿ ಡೀಸೆಲ್ ಬರುತ್ತಿದೆಯಾ ಅಂತ ಬೆರಳು ಇಟ್ಟು ನೋಡಬೇಡಿ. ಕನ್ನಡಕ ಇದ್ದರೆ ಹಾಕಿಕೊಳ್ಳಿ.

ತಿರುಗುತ್ತಾ ಎಲ್ಲ ಸಿಲಿಂಡರಿಗೂ ಡೀಸೆಲ್ ಹಂಚುವ ರೋಟರಿ ಪಂಪ್ ಇರುವ ಗಾಡಿಯಲ್ಲಿ ತತ್ವ ಒಂದೇ, ಜಾಗ ಬೇರೆ. ಹ್ಯಾಂಡ್ ಪಂಪ್ ಫಿಲ್ಟರ್ ತಲೆಯ ಮೇಲೆ ಒತ್ತುವ ಬಟನ್ ರೂಪದಲ್ಲಿ ಇರಬಹುದು, ಅಥವಾ ಇಂಜಿನ್ ಪಕ್ಕದ ಲಿಫ್ಟ್ ಪಂಪಿನಲ್ಲಿ (ಇದೂ ಫೀಡ್ ಪಂಪಿನ ಕೆಲಸವನ್ನೇ ಮಾಡುತ್ತದೆ) ಸಣ್ಣ ಲಿವರ್ ಆಗಿರಬಹುದು. ಆ ಲಿವರ್ ಏನೂ ಕೆಲಸ ಮಾಡದೆ ಜೋಲಾಡಿದರೆ ಪಂಪ್ ಕೆಟ್ಟಿದೆ ಅಂತ ಬಿಚ್ಚಬೇಡಿ. ಒಳಗಿನ ಕ್ಯಾಮ್ ಅದನ್ನು ಎತ್ತಿ ಹಿಡಿದ ಜಾಗದಲ್ಲಿ ಇಂಜಿನ್ ನಿಂತಿರುತ್ತದೆ. ಇಂಜಿನ್ ಸ್ವಲ್ಪ ತಿರುಗಿಸಿದರೆ ಲಿವರ್‌ಗೆ ಜೀವ ಬರುತ್ತದೆ. ಸೊಲೆನಾಯ್ಡ್ ಇರುವ ಪಂಪಾದರೆ ನಾಝಲ್ ಪೈಪಿನ ಏರ್ ತೆಗೆಯುವಾಗ ಕೀ ಆನ್ ಇರಲೇಬೇಕು.

ಈಥರ್ ಸ್ಪ್ರೇ ಹೊಡೆದು, ಪೆಟ್ರೋಲ್ ಬಟ್ಟೆ ಹಿಡಿದು ಸ್ಟಾರ್ಟ್ ಮಾಡುವ ಅಭ್ಯಾಸ ಕೆಲವರಿಗಿದೆ. ಗ್ಲೋ ಪ್ಲಗ್ ಕಾದಿರುವ ಇಂಜಿನ್‌ಗೆ ಅದನ್ನು ಕೊಟ್ಟರೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ ಒಡೆಯಬಹುದು. ಬೇಡ.

ಗಾಳಿ ಎಲ್ಲಿಂದ ಬರುತ್ತಿದೆ

ಈಗ ನಿಜವಾದ ಕೆಲಸ. ಮೊದಲ ಪ್ರಶ್ನೆ ನಿಮಗೇ: ಕೊನೆಗೆ ಕೈ ಹಾಕಿದ್ದು ಎಲ್ಲಿ? ಫಿಲ್ಟರ್ ಬದಲಿಸಿದ ಮೇಲೆ ಶುರುವಾಗಿದ್ದರೆ ಫಿಲ್ಟರ್ ಬಿಟ್ಟು ಬೇರೆ ಕಡೆ ನೋಡುವ ಅಗತ್ಯ ಸದ್ಯಕ್ಕಿಲ್ಲ. ಹಳೇ ರಬ್ಬರ್ ರಿಂಗ್ ತಲೆಗೆ ಅಂಟಿಕೊಂಡೇ ಇದ್ದು ಅದರ ಮೇಲೆ ಹೊಸದು ಕೂತಿರುತ್ತದೆ, ಅಥವಾ ನಡುವಿನ ಬೋಲ್ಟ್ ಕೆಳಗಿನ ವಾಷರ್ ಹಳೆಯದೇ ಹಾಕಿರುತ್ತಾರೆ.

ಹ್ಯಾಂಡ್ ಪಂಪ್ ನಿಮ್ಮ ಕೈಗೆ ಏನು ಹೇಳುತ್ತದೆ ಅಂತ ಗಮನಿಸಿ. ಎಷ್ಟು ಹೊಡೆದರೂ ಗಟ್ಟಿಯಾಗದೆ ಸುಮ್ನೆ ಆಡುತ್ತಿದ್ದರೆ ಹೀರುವ ಭಾಗದಲ್ಲಿ ಗಾಳಿ, ಇಲ್ಲವೇ ಫೀಡ್ ಪಂಪಿನ ವಾಲ್ವ್ ಹೋಗಿದೆ. ಮೇಲೆಳೆಯಲು ಬಿಗಿಯಾಗಿದ್ದು, ಬಿಟ್ಟರೆ ತಾನೇ ಕೆಳಗೆ ಎಳೆದುಕೊಂಡರೆ ಅದು ಗಾಳಿಯ ಸಮಸ್ಯೆ ಅಲ್ಲ, ಹಿಂದೆ ಎಲ್ಲೋ ಕಟ್ಟಿದೆ: ಫೀಡ್ ಪಂಪಿನ ಕೆಳಗಿನ ಸಣ್ಣ ಜಾಲರಿ, ಟ್ಯಾಂಕಿನೊಳಗಿನ ಜಾಲರಿ, ಮಡಚಿಕೊಂಡ ರಬ್ಬರ್ ಪೈಪು. ಇವೆರಡನ್ನು ಬೇರೆ ಮಾಡಿ ತಿಳಿದುಕೊಂಡರೆ ಒಂದು ದಿನದ ಕೆಲಸ ಉಳಿಯುತ್ತದೆ.

ಆಮೇಲೆ ಪಾರದರ್ಶಕ ಪೈಪು. ಡೀಸೆಲ್ ತಡೆಯುವ ಟ್ರಾನ್ಸ್‌ಪರೆಂಟ್ ಪೈಪು ಒಂದಡಿ ತಂದು, ಫಿಲ್ಟರ್‌ನಿಂದ ಪಂಪಿಗೆ ಹೋಗುವ ಜಾಗದಲ್ಲಿ ರಬ್ಬರ್ ಪೈಪಿನ ಬದಲು ಹಾಕಿ ಕ್ಲಿಪ್ ಬಿಗಿಯಿರಿ. ಇಂಜಿನ್ ಓಡಿಸಿ. ಶುರುವಿನಲ್ಲಿ ಒಂದಿಷ್ಟು ಗುಳ್ಳೆ ಬಂದು ನಿಂತರೆ ಚಿಂತೆಯಿಲ್ಲ. ಐದು ನಿಮಿಷ ಆದರೂ ಮಣಿ ಪೋಣಿಸಿದಂತೆ ಗುಳ್ಳೆ ಬರುತ್ತಲೇ ಇದ್ದರೆ ಗಾಳಿ ಅದಕ್ಕಿಂತ ಹಿಂದೆ ಎಲ್ಲೋ ಹೊಗುತ್ತಿದೆ. ಪೈಪನ್ನು ಒಂದು ಹೆಜ್ಜೆ ಹಿಂದಕ್ಕೆ, ಫೀಡ್ ಪಂಪಿಗಿಂತ ಮೊದಲು ಹಾಕಿ. ಅಲ್ಲಿ ಗುಳ್ಳೆ ಇಲ್ಲ, ಮುಂದೆ ಇದೆ ಅಂದರೆ ಫೀಡ್ ಪಂಪೇ ಕಳ್ಳ. ಅಲ್ಲೂ ಇದೆ ಅಂದರೆ ಟ್ಯಾಂಕ್ ಕಡೆ ನಡೆಯಿರಿ. ಗುಳ್ಳೆ ಮಾಯವಾಗುವ ಜಾಗಕ್ಕೂ ಕಾಣುವ ಜಾಗಕ್ಕೂ ನಡುವೆ ತೂತು ಇದೆ. ರಿಟರ್ನ್ ಪೈಪಿನಲ್ಲಿ ಕಾಣುವ ಗುಳ್ಳೆ ನೋಡಿ ತೀರ್ಮಾನ ಮಾಡಬೇಡಿ, ಅಲ್ಲಿ ಒಂದೊಂದು ಬರುವುದು ಸಹಜ. ಪರೀಕ್ಷೆ ಮುಗಿದ ಮೇಲೆ ಈ ಪೈಪು ತೆಗೆದು ಸರಿಯಾದ ಡೀಸೆಲ್ ಪೈಪೇ ಹಾಕಿ, ಇಂಜಿನ್ ಬಿಸಿಗೆ ಅದು ಗಟ್ಟಿಯಾಗಿ ಸೀಳುತ್ತದೆ.

ಇದಕ್ಕಿಂತಲೂ ನನಗೆ ಜಾಸ್ತಿ ನಂಬಿಕೆ ಇರುವುದು ಕ್ಯಾನ್ ಪರೀಕ್ಷೆಯಲ್ಲಿ. ಐದು ಲೀಟರಿನ ಸ್ವಚ್ಛ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಫೀಡ್ ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿ ಇಡಿ. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನಿಂದ ಬಿಚ್ಚಿ, ಕ್ಯಾನಿನ ತಳ ಮುಟ್ಟುವ ಹೊಸ ಪೈಪನ್ನು ಅಲ್ಲಿಗೆ ಕೊಡಿ. ಏರ್ ತೆಗೆದು, ನಿಂತಲ್ಲೇ ಇಂಜಿನ್ ಓಡಿಸಿ, ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಸ್ಟಾರ್ಟ್ ಮಾಡಿ. ಸಮಸ್ಯೆ ಹೋಯಿತಾ? ಹಾಗಾದರೆ ಪಂಪ್, ನಾಝಲ್, ಫಿಲ್ಟರ್ ಎಲ್ಲ ಚೆನ್ನಾಗಿವೆ. ತಪ್ಪು ಹೆಚ್ಚಾಗಿ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿರುತ್ತದೆ. ಪಂಪ್ ಬಿಚ್ಚಬೇಕು ಅಂತ ಯಾರಾದರೂ ಹೇಳಿದರೆ ಮೊದಲು ಈ ಪರೀಕ್ಷೆ ಮಾಡಿ, ಆಮೇಲೆ ಒಪ್ಪಿ. ಕ್ಯಾನ್ ಕಟ್ಟಿಕೊಂಡು ರಸ್ತೆಗೆ ಮಾತ್ರ ಇಳಿಯಬೇಡಿ.

ಜಾಗ ಇಷ್ಟರೊಳಗೆ ಇದೆ ಅಂತ ಗೊತ್ತಾದ ಮೇಲೆ, ಖಚಿತವಾಗಿ ಯಾವ ಜಾಯಿಂಟ್ ಅಂತ ಹುಡುಕಲು ದಪ್ಪ ಗ್ರೀಸ್ ಸಾಕು. ಇಂಜಿನ್ ಓಡುತ್ತಿರುವಾಗ ಹೀರುವ ಭಾಗದ ಒಂದೊಂದೇ ಜಾಯಿಂಟಿಗೆ ಸುತ್ತಲೂ ಗ್ರೀಸ್ ಮೆತ್ತಿ. ಫ್ಯಾನ್, ಬೆಲ್ಟ್ ಕಡೆ ಕೈ, ತೋಳು ಹೋಗದಂತೆ ನೋಡಿಕೊಳ್ಳಿ. ಯಾವುದಕ್ಕೆ ಮೆತ್ತಿದಾಗ ಪಾರದರ್ಶಕ ಪೈಪಿನಲ್ಲಿ ಗುಳ್ಳೆ ನಿಂತಿತೋ ಅದೇ. ಟ್ಯಾಂಕಿಗೆ ಕಂಪ್ರೆಸರ್‌ನಿಂದ ಗಾಳಿ ಕೊಟ್ಟು ಲೀಕ್ ಹುಡುಕುವವರಿದ್ದಾರೆ. ತೆಳು ತಗಡಿನ ಟ್ಯಾಂಕ್ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ, ಬೆಸುಗೆ ಬಿಟ್ಟುಕೊಳ್ಳುತ್ತದೆ.

ಸಾಮಾನ್ಯವಾಗಿ ಸಿಗುವ ತಪ್ಪುಗಳು

ರಬ್ಬರ್ ಪೈಪಿನ ತುದಿ ಮೊದಲನೆಯದು. ಹೊರಗೆ ಚೆನ್ನಾಗಿ ಕಾಣುತ್ತದೆ, ಕ್ಲಿಪ್ ತೆಗೆದರೆ ಅದರ ಕೆಳಗೇ ಸೀಳಿರುತ್ತದೆ. ಪೈಪು ಮಡಚಿ ನೋಡಿ, ಬಿರುಕು ಕಂಡರೆ ಬದಲಿಸಿ, ಬರೀ ತುದಿ ಕತ್ತರಿಸಿ ಮತ್ತೆ ಹಾಕುವುದು ಕೆಲವು ವಾರದ ಮಟ್ಟಿಗೆ ಮಾತ್ರ. ಡೀಸೆಲ್‌ಗೆಂದೇ ಬರುವ ಪೈಪು ಕೇಳಿ ತನ್ನಿ, ನೀರಿನ ಪೈಪು ಊದಿಕೊಂಡು ಮೆತ್ತಗಾಗುತ್ತದೆ. ಕ್ಲಿಪ್ ಕೂಡ ಪೈಪಿನ ಅಳತೆಗೆ ಸರಿಯಾದ ಸಣ್ಣದೇ ಬೇಕು. ರೇಡಿಯೇಟರ್ ಪೈಪಿನ ದೊಡ್ಡ ಕ್ಲಿಪ್ಪನ್ನು ಕೊನೆಯವರೆಗೂ ತಿರುಗಿಸಿ ಹಾಕಿದರೆ ಅದು ದುಂಡಗೆ ಹಿಡಿಯುವುದಿಲ್ಲ, ಒಂದು ಕಡೆ ಉಬ್ಬಿ ಅಲ್ಲೇ ಗಾಳಿಗೆ ದಾರಿ ಮಾಡುತ್ತದೆ.

ಈಗಿನ ಡೀಸೆಲ್ ಕೂಡ ಸ್ವಲ್ಪ ಕಾರಣ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಬಿಎಸ್ 6 ಡೀಸೆಲ್ ಬಂತು, ಅದರಲ್ಲಿ ಗಂಧಕ 10 ಪಿಪಿಎಂ ಮಾತ್ರ. ಅದಕ್ಕೂ ಮೊದಲಿನ ಬಿಎಸ್ 4ರಲ್ಲಿ 50 ಇತ್ತು, ನಿಮ್ಮ ಜೀಪು ಹೊಸದಾಗಿದ್ದ ಕಾಲದಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ. ಗಂಧಕ ತೆಗೆಯುವಾಗ ಡೀಸೆಲ್‌ನಲ್ಲಿರುವ ಬೇರೆ ಕೆಲವು ಅಂಶಗಳೂ ಕಡಿಮೆಯಾಗುತ್ತವೆ. ಹಳೇ ರಬ್ಬರ್ ಸೀಲುಗಳು ಆ ಅಂಶಗಳಿಂದಲೇ ಸ್ವಲ್ಪ ಉಬ್ಬಿ ಬಿಗಿಯಾಗಿ ಕೂತಿದ್ದವು. ಈಗ ಅವು ಕುಗ್ಗಿ ಸಡಿಲವಾಗುತ್ತವೆ. ಹಾಗಾಗಿ ಇಪ್ಪತ್ತು ವರ್ಷ ತೊಂದರೆ ಕೊಡದ ಹ್ಯಾಂಡ್ ಪಂಪಿನ ಒಳಗಿನ ರಿಂಗ್, ನೀರಿನ ಬಟ್ಟಲಿನ ರಿಂಗ್ ಈಗ ಗಾಳಿ ಬಿಟ್ಟರೆ ಅಚ್ಚರಿ ಬೇಡ. ಬದಲಿಸಿ, ದೊಡ್ಡ ಖರ್ಚಲ್ಲ.

ಆಮೇಲೆ ಬ್ಯಾಂಜೋ ಬೋಲ್ಟಿನ ವಾಷರ್. ನಡುವೆ ತೂತಿರುವ ಈ ಬೋಲ್ಟಿಗೆ ಎರಡೂ ಕಡೆ ತಾಮ್ರದ ವಾಷರ್ ಇರುತ್ತದೆ. ಒಮ್ಮೆ ಒತ್ತಿಸಿಕೊಂಡ ತಾಮ್ರ ಗಡುಸಾಗುತ್ತದೆ, ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಹೊಸದು ಕೆಲವೇ ರೂಪಾಯಿ. ಸಿಗದ ಊರಿನಲ್ಲಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗುತ್ತದೆ, ಆಮೇಲೆ ಎರಡೂ ಮುಖ ಉಜ್ಜಿ ಹಾಕಿ. ಲೀಕ್ ನಿಲ್ಲಲಿಲ್ಲ ಅಂತ ಮೈಮೇಲೆ ಬಿದ್ದು ಬಿಗಿ ಮಾಡಬೇಡಿ. ಬೋಲ್ಟ್ ಟೊಳ್ಳು, ತುಂಡಾಗುತ್ತದೆ. ಟೆಫ್ಲಾನ್ ಟೇಪ್, ಸಿಲಿಕಾನ್ ಪೇಸ್ಟ್ ಎರಡೂ ಇಲ್ಲಿ ಬೇಡ. ಅದರ ಚೂರು ಪಂಪಿನ ಒಳಗೆ ಹೋದರೆ ಹೊರಗೆ ತರಲು ಪಂಪೇ ಬಿಚ್ಚಬೇಕು.

ಚಾಸಿ ಪೈಪು ಕ್ಲಾಂಪ್ ಇರುವ ಕಡೆ ಉಜ್ಜಿ ತೆಳುವಾಗಿರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಅಲ್ಲೇ ಕೆಸರು ಕೂತು ತುಕ್ಕು ತೂತು ಮಾಡುತ್ತದೆ. ಕ್ಲಾಂಪ್ ಬಿಚ್ಚಿ ನೋಡದೆ ಇದು ಕಾಣುವುದೇ ಇಲ್ಲ. ಇನ್ನು ಟ್ಯಾಂಕ್ ಅರ್ಧಕ್ಕಿಂತ ಮೇಲಿದ್ದರೆ ಗಾಡಿ ಸರಿ, ಕೆಳಗಿಳಿದರೆ ತೊಂದರೆ ಅಂತಾದರೆ ಟ್ಯಾಂಕ್ ಒಳಗಿನ ಹೀರುವ ಪೈಪೇ ನಡುವಿನಲ್ಲಿ ತೂತಾಗಿದೆ. ಡೀಸೆಲ್ ಮಟ್ಟ ಆ ತೂತಿಗಿಂತ ಕೆಳಗೆ ಹೋದಾಗ ಗಾಳಿ ಎಳೆಯುತ್ತದೆ. ಇದಕ್ಕೆ ಎಷ್ಟು ಜನ ನಾಝಲ್ ಬದಲಿಸಿದ್ದಾರೋ!

ರಾತ್ರಿ ಮಾತ್ರ ಡೀಸೆಲ್ ಹಿಂದಕ್ಕೆ ಇಳಿಯುವ, ಓಡುವಾಗ ಗುಳ್ಳೆಯೇ ಕಾಣದ ಗಾಡಿಯಲ್ಲಿ ಫೀಡ್ ಪಂಪಿನ ಒಳಗಿನ ಎರಡು ಸಣ್ಣ ವಾಲ್ವ್‌ಗಳನ್ನು ಬಿಚ್ಚಿ ತೊಳೆಯಿರಿ. ಒಂದು ಚೂರು ಕಸ ಕೂತರೂ ಅವು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಹೀರುವ ಲೈನಿಗೆ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿ ಕೈ ತೊಳೆದುಕೊಳ್ಳುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ಡೀಸೆಲ್ ಇಳಿಯುವುದು ನಿಲ್ಲಬಹುದು, ಗಾಳಿ ಹೊಗುವ ತೂತು ಮಾತ್ರ ಅಲ್ಲೇ ಇರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ.

ಇದನ್ನು ಬರೀ ಬೆಳಗಿನ ಕಿರಿಕಿರಿ ಅಂತ ಬಿಡಬೇಡಿ ಅನ್ನಲು ಕಾರಣ ಇದೆ. ಡೀಸೆಲ್ ಗಾಡಿಯಲ್ಲಿ ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತ ಕೊಡುವುದು ಇಂಜಿನ್‌ನಿಂದ ತಿರುಗುವ ವ್ಯಾಕ್ಯೂಮ್ ಪಂಪ್, ಹಲವು ಗಾಡಿಗಳಲ್ಲಿ ಅದು ಆಲ್ಟರ್ನೇಟರ್ ಹಿಂದೆಯೇ ಇರುತ್ತದೆ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಇಳಿಯುವಾಗ ಏರ್ ಹಿಡಿದು ಇಂಜಿನ್ ನಿಂತರೆ ಒಂದೆರಡು ಸಲ ತುಳಿದ ಮೇಲೆ ಬ್ರೇಕ್ ಕಲ್ಲಿನಂತಾಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರ. ಆಗ ನ್ಯೂಟ್ರಲ್ ಮಾಡಬೇಡಿ. ಗೇರಿನಲ್ಲೇ ಇಟ್ಟು, ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯದೆ ಒಂದೇ ಸಮ ಬಲವಾಗಿ ಒತ್ತಿ ಬದಿಗೆ ನಿಲ್ಲಿಸಿ. ಘಾಟಿ ಹತ್ತುವ ಇಳಿಯುವ ಗಾಡಿಯಲ್ಲಿ ಒಂದಡಿ ಡೀಸೆಲ್ ಪೈಪು, ನಾಲ್ಕು ಕ್ಲಿಪ್, ತಾಮ್ರದ ವಾಷರ್‌ಗಳು, ಬ್ಲೀಡ್ ಸ್ಕ್ರೂಗೆ ಹೊಂದುವ ಸ್ಪಾನರ್, ಚಕ್ರಕ್ಕೆ ಕೊಡಲು ಮರದ ತುಂಡು ಇರಲಿ.

ಕ್ಯಾನ್ ಪರೀಕ್ಷೆಯಲ್ಲೂ ಅದೇ ತೊಂದರೆ ಬಂದು, ಫೀಡ್ ಪಂಪ್ ಸರಿಯಿದ್ದು, ಫಿಲ್ಟರ್ ಹೊಸದಿದ್ದು, ಜಾಯಿಂಟುಗಳೆಲ್ಲ ಒಣಗಿದ್ದರೆ ಆಗ ಡೀಸೆಲ್ ಪಂಪ್ ಸರ್ವಿಸ್ ಮಾಡುವವರ ಹತ್ತಿರ ಹೋಗಿ. ಎಲಿಮೆಂಟ್, ಡೆಲಿವರಿ ವಾಲ್ವ್ ಸವೆದಿರಬಹುದು, ಅದನ್ನು ಬೆಂಚಿನ ಮೇಲೆ ಕೂರಿಸಿ ಅಳೆದೇ ಹೇಳಬೇಕು. ನೀವು ಮಾಡಿದ ಪರೀಕ್ಷೆಗಳನ್ನು ಅವರಿಗೆ ಹೇಳಿ, ಅವರ ಕೆಲಸವೂ ಬೇಗ ಮುಗಿಯುತ್ತದೆ. ತೂತು ಸಿಕ್ಕಿ ರಿಪೇರಿ ಆಗಿದ್ದರೆ ಒಂದು ವಾರ ಓಡಿಸಿದ ಮೇಲೆ ಹೊಸ ಕ್ಲಿಪ್‌ಗಳನ್ನು ಮತ್ತೊಮ್ಮೆ ಕಾಲು ಸುತ್ತು ಬಿಗಿ ಮಾಡಿ ನೋಡಿ, ಹೊಸ ರಬ್ಬರ್ ಸ್ವಲ್ಪ ಕೂತುಕೊಂಡಿರುತ್ತದೆ. ಒಂದು ರಾತ್ರಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ಬೆಳಿಗ್ಗೆ ಸೆಲ್ಫ್ ಮುಟ್ಟುವ ಮೊದಲು ಹ್ಯಾಂಡ್ ಪಂಪ್ ಬಿಚ್ಚಿ ಒತ್ತಿ. ಒಂದೆರಡು ಒತ್ತಿಗೇ ಗಟ್ಟಿಯಾದರೆ ಲೈನ್ ತುಂಬಿದೆ.